ಕಬ್ಬಿನ ಸೀಮೆಯ ಹಳೆಯ ಟ್ರ್ಯಾಕ್ಟರ್: ವೇಗ ಹಿಡಿದಿಡುವ ಭಾಗ ಅಸಲಿಯೇ?

ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗೆ ಬೆಂಕಿ ಬಿತ್ತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ರಸ್ತೆಗಳು ಮುಂದಿನ ಕೆಲವು ತಿಂಗಳು ಕಬ್ಬಿನ ಗಾಡಿಗಳ ಪಾಲಾಗುತ್ತವೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹೊಸವು ಎಷ್ಟೋ ಇವೆ. ಇಪ್ಪತ್ತು, ಮೂವತ್ತು ವರ್ಷ ದುಡಿದು ಇನ್ನೂ ದುಡಿಯುತ್ತಿರುವವೂ ಕಡಿಮೆಯಿಲ್ಲ. ಅಂಥ ಹಳೆಯ ಟ್ರ್ಯಾಕ್ಟರಿನ ಚಾಲಕ ಸ್ಟೇರಿಂಗ್ ಬಳಿಯ ಹ್ಯಾಂಡ್ ಎಕ್ಸಲೇಟರನ್ನು ಒಂದು ಮಟ್ಟಕ್ಕೆ ಎಳೆದಿಟ್ಟು ಪೆಡಲ್ ಮೇಲಿನ ಕಾಲು ತೆಗೆಯುತ್ತಾನೆ. ಏರು ಬಂದಾಗ ಎಂಜಿನ್ ತಾನಾಗಿ ಹೆಚ್ಚು ಡೀಸೆಲ್ ಎಳೆದುಕೊಳ್ಳುತ್ತದೆ, ಇಳಿಜಾರು ಬಂದಾಗ ಕಡಿಮೆ ಮಾಡಿಕೊಳ್ಳುತ್ತದೆ. ಈ ಕೆಲಸ ಮಾಡುವುದು ಡೀಸೆಲ್ ಪಂಪಿನ ಬೆನ್ನಿಗಿರುವ ಗವರ್ನರ್. ಅದು ಟ್ರ್ಯಾಕ್ಟರ್ ಜೊತೆಯಲ್ಲೇ ಬಂದದ್ದೋ, ಗುಜರಿಯಿಂದ ತಂದು ಕೂರಿಸಿದ್ದೋ, ಅಸಲಿ ಹೆಸರಿನ ಡಬ್ಬದಲ್ಲಿ ಮಾರಾಟವಾದ ನಕಲಿಯೋ ಎಂದು ಕೇಳಿದರೆ ಬಹಳಷ್ಟು ಮಾಲೀಕರಲ್ಲಿ ಉತ್ತರ ಸಿಗುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಜೋಪಾನ ಮಾಡುವವರು ಇದೇ ಪ್ರಶ್ನೆಯನ್ನು ಬೇರೊಂದು ಭಾಗದ ಬಗ್ಗೆ ಕೇಳುತ್ತಾರೆ. ಪೆಡಲ್ ಒತ್ತದೆಯೇ ಗಾಡಿಯ ವೇಗ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಕಾರ್ಖಾನೆಯಲ್ಲೇ ಕೂರಿಸಿದ್ದೋ, ಆಮೇಲೆ ಹಾಕಿದ್ದೋ ಎಂಬುದು ಅವರಿಗೆ ಮೋಹದ ವಿಷಯ, ಬೆಲೆಯ ವಿಷಯವೂ ಹೌದು. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆ, ರಸ್ತೆಯಲ್ಲಿ ಓಡಾಡುವವರ ಜೀವದ ಪ್ರಶ್ನೆ. ಆದರೂ ಪತ್ತೆಯ ವಿಧಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಏಕೆಂದರೆ ಗವರ್ನರ್ ಮತ್ತು ಕ್ರೂಸ್ ಕಂಟ್ರೋಲ್ ಒಂದೇ ವಂಶಕ್ಕೆ ಸೇರಿದವು.

ಆವಿ ಯಂತ್ರದಿಂದ ಕಾರಿನ ಪೆಡಲಿಗೆ

ತಿರುಗುವ ಎರಡು ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮುತ್ತವೆ, ತಗ್ಗಿದಂತೆ ಒಳಕ್ಕೆ ಬೀಳುತ್ತವೆ. ಗಾಳಿ ಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಈ ತತ್ವವನ್ನು 1788ರಲ್ಲಿ ಬ್ರಿಟನ್ನಿನಲ್ಲಿ ಆವಿ ಯಂತ್ರಕ್ಕೆ ಜೋಡಿಸಲಾಯಿತು. ಗುಂಡುಗಳ ಚಲನೆ ಆವಿಯ ಬಾಗಿಲನ್ನು ತೆರೆದು ಮುಚ್ಚುತ್ತಿತ್ತು. ಕೆಲಸದ ಭಾರ ಏರಿಳಿದರೂ ಯಂತ್ರದ ಸುತ್ತು ಒಂದು ಹದದಲ್ಲಿ ನಿಂತಿತು. ಡೀಸೆಲ್ ಎಂಜಿನ್ ಬಂದಾಗ ಇದೇ ತತ್ವ ಪಂಪಿನೊಳಗೆ ಸೇರಿತು. ಡೀಸೆಲ್ ಎಂಜಿನ್ನಿಗೆ ಗವರ್ನರ್ ಇಲ್ಲದೆ ಗತಿಯಿಲ್ಲ. ಹಿಡಿತ ತಪ್ಪಿದರೆ ಅದು ತನ್ನನ್ನು ತಾನೇ ಒಡೆದುಕೊಳ್ಳುವ ವೇಗಕ್ಕೆ ಏರಬಲ್ಲದು.

ರಸ್ತೆಯ ವಾಹನಕ್ಕೆ ಈ ಹಿಡಿತವನ್ನು ಕ್ರೂಸ್ ಕಂಟ್ರೋಲ್ ರೂಪದಲ್ಲಿ ತಂದವರು ಅಮೆರಿಕದ ಇಂಡಿಯಾನಾ ರಾಜ್ಯದ ಒಬ್ಬ ಎಂಜಿನಿಯರ್. ಐದನೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅವರು ಸ್ವತಃ ವಾಹನ ಓಡಿಸಿದವರಲ್ಲ. ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದ ವಕೀಲರೊಬ್ಬರು ಮಾತಾಡುವಾಗ ನಿಧಾನಿಸುತ್ತಿದ್ದರಂತೆ, ಕೇಳುವಾಗ ವೇಗ ಹೆಚ್ಚಿಸುತ್ತಿದ್ದರಂತೆ. ಆ ಏರಿಳಿತದ ಕಿರಿಕಿರಿಯೇ ಆವಿಷ್ಕಾರಕ್ಕೆ ಪ್ರೇರಣೆಯಾಯಿತು ಎನ್ನುತ್ತಾರೆ. ಕಾಣದವರಿಗೆ ವೇಗದ ಸೂಕ್ಷ್ಮ ಹೆಚ್ಚು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1958ರ ಮಾದರಿಯ ಕೆಲವು ದುಬಾರಿ ಕಾರುಗಳಲ್ಲಿ ಸಾಧನ ಮೊದಲು ಮಾರುಕಟ್ಟೆಗೆ ಬಂತು. ಅದರ ಹೃದಯದಲ್ಲಿಯೂ ಇದ್ದದ್ದು ಸ್ಪ್ರಿಂಗಿನ ವಿರುದ್ಧ ತಿರುಗುವ ತೂಕಗಳೇ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಉಪಾಯವೆಂದು ಅದು ಜನಪ್ರಿಯವಾಯಿತು, ಪಿಕಪ್ ಟ್ರಕ್ಕುಗಳಿಗೂ ಹಬ್ಬಿತು.

ಗವರ್ನರ್ ಮತ್ತು ಕ್ರೂಸ್ ಕಂಟ್ರೋಲಿನ ನಡುವೆ ಒಂದು ಕೊಂಡಿಯಿದೆ. ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರಿಂದ, ಸೇನೆಯ ಜೀಪನ್ನು ರೈತರಿಗೆ ಮಾರಲು ಹೊರಟ ತಯಾರಕರು ಸಿಜೆ-2ಎ ಮಾದರಿಗೆ ಗವರ್ನರನ್ನು ಹೆಚ್ಚುವರಿ ಸಾಧನವಾಗಿ ಕೊಟ್ಟರು. ಎಂಜಿನ್ನಿನಿಂದ ಬೆಲ್ಟ್ ಮೂಲಕ ತಿರುಗುತ್ತಿದ್ದ ಅದನ್ನು ಡ್ಯಾಶ್‌ಬೋರ್ಡಿನ ಹಿಡಿಯಿಂದ ಹೊಂದಿಸಬಹುದಿತ್ತು. ಗರಗಸ, ಪಂಪು, ರಾಶಿ ಯಂತ್ರ ಓಡಿಸುವಾಗ ಎಂಜಿನ್ ಒಂದೇ ವೇಗದಲ್ಲಿ ನಿಲ್ಲಬೇಕೆಂಬುದು ಉದ್ದೇಶ. ಅದೇ ಜೀಪಿನ ವಂಶಜರು ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಾದರು. ನಮ್ಮಲ್ಲಿ ತಯಾರಾದ ಹಳೆಯ ಜೀಪು, ಪಿಕಪ್‌ಗಳಲ್ಲಿ ಕ್ರೂಸ್ ಕಂಟ್ರೋಲ್ ಇರಲಿಲ್ಲ. ಆ ಹೊಣೆಯನ್ನು ಇಲ್ಲಿ ಹೊತ್ತದ್ದು ಟ್ರ್ಯಾಕ್ಟರಿನ ಗವರ್ನರ್. ಗೇರ್ ಬದಲಾಗದಿದ್ದರೆ ಎಂಜಿನ್ನಿನ ಸುತ್ತು ಸ್ಥಿರವಾಗಿರುವುದೆಂದರೆ ರಸ್ತೆಯ ವೇಗವೂ ಸ್ಥಿರವಾಗಿರುವುದೆಂದೇ ಅರ್ಥ.

ನೀರು ಬಂತು, ಯಂತ್ರ ಬಂತು

ಈ ಸೀಮೆಯ ಯಂತ್ರಗಳ ಕಥೆ ನೀರಿನ ಕಥೆಯೊಂದಿಗೆ ಹೆಣೆದುಕೊಂಡಿದೆ. ಸ್ವಾತಂತ್ರ್ಯದವರೆಗೆ ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳಾಗಿದ್ದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ಇಡೀ ಪ್ರದೇಶ ಅಖಂಡ ವಿಜಯಪುರದ ಭಾಗ, ಬರದ ನಾಡೆಂದೇ ಹೆಸರು. ಹಿಡಕಲ್ ಜಲಾಶಯದ ಕಾಲುವೆಗಳು ಮುಧೋಳದ ಕಡೆಗೆ ನೀರು ತಂದವು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ದೇಶವೇ ತಿರುಗಿ ನೋಡಿದ ಕೆಲಸವದು. ಹಿಪ್ಪರಗಿ ಬ್ಯಾರೇಜ್ ಬಂತು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲ್ಲೂಕಿನ ಹಳ್ಳಿಗಳನ್ನು ಮುಳುಗಿಸಿತು, ಉಳಿದ ಭೂಮಿಗೆ ನೀರಿನ ಆಸರೆಯನ್ನೂ ಕೊಟ್ಟಿತು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು, ಮಹಾಲಿಂಗಪುರದ ಬೆಲ್ಲದ ಪೇಟೆ ಬೆಳೆಯಿತು.

ಕಬ್ಬು ಕಡಿದ ಮೇಲೆ ಕಾಯುವ ಬೆಳೆಯಲ್ಲ. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯಂಶ ಕುಗ್ಗುತ್ತದೆ. ಹೀಗಾಗಿ ಸಾಗಣೆಗೆ ಟ್ರ್ಯಾಕ್ಟರ್ ಅನಿವಾರ್ಯವಾಯಿತು. ಹೊಸದನ್ನು ಕೊಳ್ಳಲಾಗದವರು ಹಳೆಯದನ್ನು ಕೊಂಡರು. ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಐಷರ್‌ನಿಂದ ಶುರುವಾಗಿತ್ತು. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಮ್ಯಾಸಿ ಫರ್ಗ್ಯೂಸನ್, ಇಂಟರ್‌ನ್ಯಾಷನಲ್ ಬಿ-275, ಫೋರ್ಡ್, ಎಚ್‌ಎಂಟಿ ಜೆಟರ್, ಸ್ವರಾಜ್ ಬಂದವು. ಹೊರದೇಶಗಳ ವಿನ್ಯಾಸದ ಎಂಜಿನ್ನುಗಳ ಜೊತೆ ಹೊರದೇಶಗಳ ವಿನ್ಯಾಸದ ಪಂಪುಗಳೂ, ಅವುಗಳಿಗೆ ತಕ್ಕ ಗವರ್ನರುಗಳೂ ಬಂದವು. ಮುಂದೆ ಬೆಂಗಳೂರಿನ ಮೈಕೊ ಕಾರ್ಖಾನೆಯ ಪಂಪುಗಳು ಎಲ್ಲೆಡೆ ಹಬ್ಬಿ, ಡೀಸೆಲ್ ಪಂಪಿಗೆ ‘ಮೈಕೊ ಪಂಪ್’ ಎಂದೇ ಹೆಸರು ಬಿತ್ತು.

ಈ ವಿವಿಧತೆಯೇ ಇಂದಿನ ಗೊಂದಲದ ಬೇರು. ಜೆಟರ್‌ನಿಂದ ಆರಂಭಿಸಿದ ಸಾರ್ವಜನಿಕ ವಲಯದ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕವನ್ನು 2016ರಲ್ಲಿ ಮುಚ್ಚಲು ತೀರ್ಮಾನವಾಯಿತು. ಟ್ರ್ಯಾಕ್ಟರುಗಳು ಮಾತ್ರ ಹೊಲದಲ್ಲೇ ಉಳಿದವು. ತಯಾರಕ ಇಲ್ಲದ ಮೇಲೆ ಬಿಡಿಭಾಗದ ಪೂರೈಕೆ ಯಾರ ಕೈಯಲ್ಲಿದೆಯೋ ಅವರ ಮಾತೇ ಪ್ರಮಾಣವಾಗುತ್ತದೆ.

ಫಲಕ ಹೇಳುವುದೇನು

ಅಸಲಿಯನ್ನು ಗುರುತಿಸುವ ಕೆಲಸ ಪಂಪಿನ ಮೈಗೆ ಬಡಿದಿರುವ ಪುಟ್ಟ ಲೋಹದ ಫಲಕದಿಂದ ಆರಂಭವಾಗಬೇಕು. ಸಾಲಿನ ಪಂಪುಗಳಲ್ಲಿ, ಅಂದರೆ ಒಂದೊಂದು ಸಿಲಿಂಡರಿಗೂ ಒಂದೊಂದು ಪ್ಲಂಜರ್ ಇರುವ ಪಂಪುಗಳಲ್ಲಿ, ಫಲಕದ ಮೇಲೆ ಪಂಪಿನ ಮಾದರಿ ಸಂಕೇತವೂ ಗವರ್ನರಿನ ಸಂಕೇತವೂ ಇರುತ್ತವೆ. ಗವರ್ನರ್ ಸಾಲಿನಲ್ಲಿ ‘ಆರ್‌ಎಸ್‌ವಿ’ ಎಂಬ ಅಕ್ಷರಗಳೂ ಅವುಗಳ ಮುಂದೆ 350–1100 ಎಂಬಂಥ ಎರಡು ಸಂಖ್ಯೆಗಳೂ ಇದ್ದರೆ, ಅದು ಎಲ್ಲ ವೇಗಗಳಲ್ಲೂ ಹಿಡಿತವಿರುವ ಗವರ್ನರ್, ಆ ಸಂಖ್ಯೆಗಳ ನಡುವಿನ ಸುತ್ತುಗಳಲ್ಲಿ ಕೆಲಸ ಮಾಡುತ್ತದೆ ಎಂದರ್ಥ. ಇವು ಪಂಪಿನ ಸುತ್ತುಗಳು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತು ತಿರುಗಿದರೆ ಪಂಪು ಒಂದು ಸುತ್ತು ತಿರುಗುತ್ತದೆ. ಹಾಗಾಗಿ 1100 ಎಂದಿದ್ದರೆ ಎಂಜಿನ್ನಿಗೆ 2200. ಟ್ರ್ಯಾಕ್ಟರಿನ ಪುಸ್ತಕದಲ್ಲಿರುವ ಗರಿಷ್ಠ ಸುತ್ತಿಗೆ ಇದು ತಾಳೆಯಾಗದಿದ್ದರೆ ಪಂಪು ಬೇರೆ ಗಾಡಿಯದು.

ಇಲ್ಲಿಯೇ ಬಹುದೊಡ್ಡ ತಪ್ಪು ನಡೆಯುವುದು. ಲಾರಿಗಳ ಪಂಪಿನಲ್ಲಿ ಸಾಮಾನ್ಯವಾಗಿ ಇರುವುದು ಇನ್ನೊಂದು ಬಗೆಯ ಗವರ್ನರ್. ಅದು ಎಂಜಿನ್ ನಿಂತುಹೋಗದಂತೆ ಕೆಳಗಿನ ವೇಗವನ್ನು, ಮಿತಿ ಮೀರದಂತೆ ಮೇಲಿನ ವೇಗವನ್ನು ಮಾತ್ರ ಕಾಯುತ್ತದೆ. ನಡುವಿನದ್ದೆಲ್ಲ ಚಾಲಕನ ಕಾಲಿನ ಕೆಲಸ. ಗುಜರಿಯಲ್ಲಿ ಸಿಕ್ಕಿದ ಅಂಥ ಪಂಪನ್ನು ಟ್ರ್ಯಾಕ್ಟರಿಗೆ ಹಾಕಿದರೆ ಎಂಜಿನ್ ಶುರುವಾಗುತ್ತದೆ, ಗಾಡಿ ಓಡುತ್ತದೆ, ಮೇಲ್ನೋಟಕ್ಕೆ ಕೊರತೆ ಕಾಣುವುದಿಲ್ಲ. ಹ್ಯಾಂಡ್ ಎಕ್ಸಲೇಟರ್ ಇಟ್ಟು ರೋಟಾವೇಟರ್ ಇಳಿಸಿದಾಗ, ರಾಶಿ ಯಂತ್ರಕ್ಕೆ ತೆನೆ ಹಾಕಿದಾಗ ಎಂಜಿನ್ ಉಸಿರು ಕಟ್ಟುತ್ತದೆ. ಭಾರ ಕಳಚಿದೊಡನೆ ಕೂಗುತ್ತ ಮೇಲೇರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕೆಂಬುದು ಜಗತ್ತೆಲ್ಲ ಒಪ್ಪಿದ ಮಟ್ಟ, ಅದಕ್ಕೆ ಜೋಡಿಸುವ ಯಂತ್ರಗಳನ್ನು ಆ ಲೆಕ್ಕದಲ್ಲೇ ಮಾಡಿರುತ್ತಾರೆ. ಅಲ್ಲಿ ವೇಗ ಓಲಾಡಿದರೆ ಮೊದಲು ಹಾಳಾಗುವುದು ರೈತನ ರಾಶಿ. ದೂರು ಬರುವುದು ಮಾತ್ರ ಎಂಜಿನ್ನಿನ ಮೇಲೆ.

ಫಲಕವೊಂದನ್ನೇ ನಂಬುವಂತಿಲ್ಲ. ಅದನ್ನು ಕಿತ್ತು ಬೇರೆ ಪಂಪಿಗೆ ಬಡಿಯುವುದು ಕಷ್ಟವಲ್ಲ. ರಿವೆಟ್ಟಿನ ತಲೆ ಹೊಸದಾಗಿದ್ದು ಸುತ್ತಲ ಮೈ ಹಳೆಯದಾಗಿದ್ದರೆ ಅನುಮಾನ ಬರಬೇಕು. ಆಗ ನೋಡಬೇಕಾದದ್ದು ಭಾಗ ಕೂತಿರುವ ಜಾಗವನ್ನು. ಇಂಟರ್‌ನ್ಯಾಷನಲ್ ಬಿ-275ರ ಮೂಲ ವಿನ್ಯಾಸದಲ್ಲಿ ಇದ್ದದ್ದು ಗಾಳಿಯ ಸೆಳೆತದಿಂದ ನಡೆಯುವ ಗವರ್ನರ್. ಗಾಳಿ ಒಳಹೋಗುವ ಕೊಳವೆಯಲ್ಲಿ ಒಂದು ಚಿಟ್ಟೆ ಬಾಗಿಲು, ಅಲ್ಲಿಂದ ಪಂಪಿನ ಹಿಂಭಾಗದ ಡಯಾಫ್ರಮ್‌ಗೆ ಒಂದು ಸಣ್ಣ ಪೈಪು. ಅಂಥ ಟ್ರ್ಯಾಕ್ಟರಿನಲ್ಲಿ ಆ ಪೈಪಿನ ತೂತಿಗೆ ಬೋಲ್ಟ್ ಜಡಿದು ಮುಚ್ಚಿದ್ದರೆ, ಅಲ್ಲಿ ತೂಕಗಳ ಗವರ್ನರ್ ಇರುವ ಬೇರೆ ಪಂಪು ಬಂದು ಕೂತಿದೆಯೆಂದು ತಿಳಿಯಬೇಕು. ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ ಹೊತ್ತು ಬಂದ ಹಳೆಯ ಮ್ಯಾಸಿ ಫರ್ಗ್ಯೂಸನ್ 35ರಲ್ಲಿ ಇದ್ದದ್ದು ಸಿಎವಿ ರೋಟರಿ ಪಂಪು. ಅಲ್ಲಿ ಸಾಲಿನ ಪಂಪು ಕಂಡರೆ, ಜೋಡಣೆಗೆಂದು ಲೇತ್‌ನಲ್ಲಿ ತಿರುಗಿಸಿದ ಅಡಾಪ್ಟರ್ ತಟ್ಟೆಯೂ ಕಾಣುತ್ತದೆ. ಲೇತಿನ ಉಳಿಯ ಗೀರು ಎರಕದ ಮೈಗೆ ಹೊಂದುವುದಿಲ್ಲ.

ಅಮೆರಿಕದ ಹಳೆಯ ಪಿಕಪ್‌ಗಳ ಪತ್ತೆಗಾರರು ಅನುಸರಿಸುವುದು ಇದೇ ದಾರಿ. ಎಪ್ಪತ್ತರ ದಶಕದ ಕ್ರೂಸ್ ಕಂಟ್ರೋಲಿನಲ್ಲಿ ಸ್ಪೀಡೋಮೀಟರ್ ಕೇಬಲ್ ನಡುವೆ ಕೂರುವ ನಿಯಂತ್ರಕ, ಗಾಳಿಯ ಸೆಳೆತದಿಂದ ಎಕ್ಸಲೇಟರ್ ಎಳೆಯುವ ರಬ್ಬರಿನ ತಿದಿ, ಬ್ರೇಕ್ ಮುಟ್ಟಿದೊಡನೆ ಹಿಡಿತ ಬಿಡಿಸುವ ಸ್ವಿಚ್, ಇಂಡಿಕೇಟರ್ ಕೋಲಿನ ತುದಿಯ ಗುಂಡಿ ಮುಖ್ಯ ಭಾಗಗಳು. ಕಾರ್ಖಾನೆಯಲ್ಲಿ ಅಚ್ಚೊತ್ತಿ ಕೊರೆದ ತೂತಿನ ಅಂಚಿನೊಳಗೂ ಮೂಲ ಬಣ್ಣ ಇರುತ್ತದೆ, ಆಮೇಲೆ ಡ್ರಿಲ್ ಹಾಕಿದ ತೂತಿನಲ್ಲಿ ಬರಿಯ ಲೋಹವೋ ತುಕ್ಕೋ ಇರುತ್ತದೆ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ, ಯಾವ ಯಾವ ಹೆಚ್ಚುವರಿ ಸಾಧನಗಳೊಂದಿಗೆ ಗಾಡಿ ಕಾರ್ಖಾನೆಯಿಂದ ಹೊರಟಿತೆಂಬ ಸಂಕೇತಗಳ ಚೀಟಿಯೇ ಅಂಟಿಸಿರುತ್ತದೆ. ಮಹಾಯುದ್ಧದ ಕಾಲದಲ್ಲಿ ಫೋರ್ಡ್ ತಯಾರಿಸಿದ ಜೀಪುಗಳ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಕ್ಷರ ಇರುತ್ತಿತ್ತು. ನಮ್ಮ ಟ್ರ್ಯಾಕ್ಟರುಗಳಿಗೆ ಚೀಟಿಯ ಭಾಗ್ಯವಿಲ್ಲ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ನೋಂದಣಿ ಪತ್ರದಲ್ಲಿ ಸಿಗುತ್ತವೆ. ಪಂಪಿನ ಸಂಖ್ಯೆ ಅಲ್ಲಿ ಇರುವುದಿಲ್ಲ.

ಹೊಸದಾಗಿ ಕೊಳ್ಳುವ ಬಿಡಿಭಾಗದ ವಿಷಯ ಇನ್ನೂ ಸೂಕ್ಷ್ಮ. ಗವರ್ನರಿನ ಸ್ಪ್ರಿಂಗ್ ನೋಡಲು ಎಲ್ಲವೂ ಒಂದೇ. ತಂತಿಯ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ, ಹದ ಕೊಟ್ಟ ಬಗೆ ಬೇರೆಯಾದರೂ ವೇಗದ ಹಿಡಿತ ಬದಲಾಗುತ್ತದೆ. ಕಣ್ಣಿಗೆ ಗೊತ್ತಾಗುವ ಲಕ್ಷಣಗಳು ಕೆಲವಿವೆ: ಅಸಲಿ ಭಾಗದ ಮೇಲಿನ ಸಂಖ್ಯೆ ಸಮನಾದ ಆಳದಲ್ಲಿ ಅಚ್ಚಾಗಿರುತ್ತದೆ, ಸ್ಪ್ರಿಂಗಿನ ತುದಿ ಸಪಾಟಾಗಿ ಉಜ್ಜಿರುತ್ತದೆ, ಜೋಡಿ ತೂಕಗಳು ತೂಗಿದರೆ ಸಮ ಬರುತ್ತವೆ. ಡಬ್ಬದ ಮೇಲಿನ ಮುದ್ರೆ, ಹೊಳೆಯುವ ಹೊಲೊಗ್ರಾಮ್‌ಗಳನ್ನು ನಕಲು ಮಾಡುವವರು ಭಾಗಕ್ಕಿಂತ ಚೆನ್ನಾಗಿ ನಕಲು ಮಾಡುತ್ತಾರೆ. ಕೊನೆಯ ಮಾತು ಹೇಳುವುದು ಪಂಪ್ ಟೆಸ್ಟಿಂಗ್ ಬೆಂಚ್. ಪಂಪನ್ನು ಅದರ ಮೇಲೆ ಕೂರಿಸಿ, ಯಾವ ಸುತ್ತಿಗೆ ಎಷ್ಟು ಡೀಸೆಲ್ ಬೀಳುತ್ತದೆ, ಯಾವ ಸುತ್ತಿಗೆ ಗವರ್ನರ್ ಡೀಸೆಲ್ ಕಡಿಯತೊಡಗುತ್ತದೆ ಎಂದು ಅಳೆದರೆ ಸುಳ್ಳು ನಿಲ್ಲುವುದಿಲ್ಲ.

ಸೀಲ್ ಒಡೆದ ಸ್ಕ್ರೂ

ಗರಿಷ್ಠ ವೇಗ ನಿಗದಿ ಮಾಡುವ ಸ್ಕ್ರೂಗೆ ತಂತಿ ಸುತ್ತಿ ಸೀಲ್ ಒತ್ತಿರುತ್ತಾರೆ. ಹಂಗಾಮಿನಲ್ಲಿ ಹೆಚ್ಚು ಖೇಪು ಹೊಡೆದರೆ ಹೆಚ್ಚು ಬಾಡಿಗೆ. ಆ ಒತ್ತಡದಲ್ಲಿ ಸೀಲ್ ಒಡೆದು ಸ್ಕ್ರೂ ತಿರುಗಿಸಿ ‘ರೇಸ್’ ಹೆಚ್ಚಿಸಿಕೊಳ್ಳುವ ಚಾಳಿ ಬೆಳೆದಿದೆ. ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಟ್ರೇಲರುಗಳಿಗೆ ಹಲವೆಡೆ ಬ್ರೇಕೇ ಇರುವುದಿಲ್ಲ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಮುಂದೆ ಇಳಿಜಾರು, ಒಳಗೆ ಮಿತಿ ಕಳೆದುಕೊಂಡ ಎಂಜಿನ್. ಈ ಮೂರೂ ಕೂಡಿದಲ್ಲಿ ಅನಾಹುತ ದೂರವಿರುವುದಿಲ್ಲ. ಗಾಳಿಯ ಸೆಳೆತದ ಗವರ್ನರಿನಲ್ಲಿ ಅಪಾಯ ಇನ್ನೊಂದು ಬಗೆಯದು. ಡಯಾಫ್ರಮ್ ಹರಿದರೆ ಸ್ಪ್ರಿಂಗು ಡೀಸೆಲಿನ ದಂಡವನ್ನು ಪೂರ್ತಿ ಮುಂದಕ್ಕೆ ತಳ್ಳುತ್ತದೆ, ಎಂಜಿನ್ ಹಿಡಿತವಿಲ್ಲದೆ ಏರುತ್ತದೆ. ತೆಳು ರಬ್ಬರಿನ ನಕಲಿ ಡಯಾಫ್ರಮ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸುವವರು ಈ ಒಂದು ವಿಷಯವನ್ನಾದರೂ ತಿಳಿದಿರಬೇಕು.

ರಸ್ತೆಯಾಚೆಗೂ ಪರಿಣಾಮಗಳಿವೆ. ರಬಕವಿ-ಬನಹಟ್ಟಿಯ ಮಗ್ಗಗಳ ಶೆಡ್ಡುಗಳಲ್ಲಿ ಕರೆಂಟು ಹೋದಾಗ ಡೀಸೆಲ್ ಜನರೇಟರ್ ಆಧಾರ. ನಾಲ್ಕು ಧ್ರುವಗಳ ಆಲ್ಟರ್ನೇಟರ್ 50 ಹರ್ಟ್ಸ್ ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ನಿಲ್ಲಬೇಕು. ಗವರ್ನರ್ ಓಲಾಡಿದರೆ ಮಗ್ಗದ ಮೋಟಾರಿನ ವೇಗವೂ ಓಲಾಡುತ್ತದೆ. ಲಾಳಿ ತಕ್ಕ ಸಮಯಕ್ಕೆ ಆಚೆ ಮುಟ್ಟದಿದ್ದರೆ ಮಗ್ಗ ಬಡಿದು ನಿಲ್ಲುತ್ತದೆ, ಎಳೆಗಳು ಹರಿಯುತ್ತವೆ. ನೇಕಾರನ ದಿನದ ಕೂಲಿಗೂ ಡೀಸೆಲ್ ಪಂಪಿನೊಳಗಿನ ಒಂದು ಸ್ಪ್ರಿಂಗಿಗೂ ಹೀಗೆ ನಂಟಿದೆ.

ಮಿಸ್ತ್ರಿಯ ಮಾತು, ತಯಾರಕರ ಮಾತು

ಗ್ಯಾರೇಜಿನ ಮಿಸ್ತ್ರಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಅಸಲಿ ಭಾಗ ಪೇಟೆಯಲ್ಲೇ ಇಲ್ಲದಿರುವಾಗ, ಇದ್ದರೂ ತರಿಸಲು ವಾರಗಟ್ಟಲೆ ಹಿಡಿಯುವಾಗ, ಗದ್ದೆಯಲ್ಲಿ ಕಡಿದ ಕಬ್ಬು ಒಣಗುತ್ತಿರುವಾಗ ರೈತ ಬಾಗಿಲಲ್ಲಿ ನಿಂತರೆ ಅವರು ಮಾಡುವುದೇನು? ಲೇತಿನಲ್ಲಿ ತಿರುಗಿಸಿ, ಬೆಸುಗೆ ಹಾಕಿ, ಬೇರೆ ಮಾದರಿಯ ಭಾಗ ಹೊಂದಿಸಿ ಗಾಡಿ ಎಬ್ಬಿಸಿ ಕಳಿಸುತ್ತಾರೆ. ಮುಚ್ಚಿಹೋದ ಕಂಪನಿಗಳ ಟ್ರ್ಯಾಕ್ಟರುಗಳು ಇಂದಿಗೂ ಉಳುತ್ತಿದ್ದರೆ ಅದು ಈ ಜನರ ಕೈಗುಣದಿಂದ. ‘ಲೋಕಲ್ ಮಾಲು’ ಎಂಬುದೆಲ್ಲ ಕಳಪೆಯೂ ಅಲ್ಲ. ತನ್ನ ಹೆಸರನ್ನೇ ಹಾಕಿ ಗುಣಮಟ್ಟದ ಭಾಗ ಮಾಡುವ ಸಣ್ಣ ತಯಾರಕರು ದೇಶದಲ್ಲಿ ಬೇಕಾದಷ್ಟಿದ್ದಾರೆ.

ತಯಾರಕ ಕಂಪನಿಗಳ ಆಕ್ಷೇಪಕ್ಕೂ ಆಧಾರವಿದೆ. ಬೇರೆಯವರ ಹೆಸರು ಒತ್ತಿ ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಡಿ ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕನನ್ನೂ ಶಿಕ್ಷೆಗೆ ಒಳಪಡಿಸುತ್ತದೆ. ಆದರೆ ಕಂಪನಿಗಳು ಹಳೆಯ ಮಾದರಿಗಳ ಭಾಗ ತಯಾರಿಸುವುದನ್ನು ನಿಲ್ಲಿಸಿ, ಬಿಡಿಭಾಗಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಷ್ಟೇ ಇಟ್ಟು, ನಕಲಿಯ ಹೊಣೆಯನ್ನೆಲ್ಲ ಅಂಗಡಿಯವನ ಮೇಲೆ ಹೊರಿಸುವುದು ಪೂರ್ಣ ನ್ಯಾಯವಲ್ಲ. ದಾಳಿಗಳು ಕೆಳಗಿನ ಮಾರಾಟಗಾರನಲ್ಲಿ ನಿಂತರೆ ಅಚ್ಚು ಹೊಡೆಯುವವನು ಹಾಗೇ ಉಳಿಯುತ್ತಾನೆ.

ಮೂರನೆಯ ಕಡೆಯೊಂದಿದೆ, ಅದರ ದನಿ ಈಗಷ್ಟೇ ಕೇಳತೊಡಗಿದೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಡೀಸೆಲಿನ ಲೆಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗಿದೆ, ತೂಕ-ಸ್ಪ್ರಿಂಗುಗಳ ಗವರ್ನರ್ ಅಲ್ಲಿಲ್ಲ. ಹೊಸ ಹುಡುಗರು ಲ್ಯಾಪ್‌ಟಾಪ್ ಹಿಡಿದು ದೋಷ ಹುಡುಕುವುದನ್ನು ಕಲಿಯುತ್ತಿದ್ದಾರೆ. ಕಿವಿಯಿಂದಲೇ ಗವರ್ನರಿನ ಓಲಾಟ ಗುರುತಿಸುವ ಹಿರಿಯ ಪಂಪ್ ಮಿಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಹಳೆಯ ಟ್ರ್ಯಾಕ್ಟರುಗಳು ಅವರಿಗಿಂತ ಹೆಚ್ಚು ಕಾಲ ಬದುಕುವ ಸಾಧ್ಯತೆಯೇ ಹೆಚ್ಚು.

ಎಲ್ಲವೂ ಅಸಲಿಯೇ ಆಗಬೇಕೆ?

ಇಷ್ಟನ್ನು ತೂಗಿ ನೋಡಿದರೆ, ಪ್ರತಿ ಬೋಲ್ಟೂ ಮೂಲದ್ದೇ ಆಗಿರಬೇಕೆಂಬ ಹಟ ಸಂಗ್ರಾಹಕನಿಗೆ ಸರಿ, ರೈತನಿಗೆ ಹೊರೆ. ಮಡ್‌ಗಾರ್ಡು, ಸೀಟು, ಬಾನೆಟ್ಟು ಎಲ್ಲಿಯದಾದರೂ ನಡೆಯುತ್ತದೆ. ವೇಗ ಹಿಡಿಯುವ, ಗಾಡಿ ನಿಲ್ಲಿಸುವ, ಗಾಡಿ ತಿರುಗಿಸುವ ಭಾಗಗಳಲ್ಲಿ ಈ ಉದಾರತೆ ಸಲ್ಲದು. ಅಲ್ಲಿ ಮೂಲ ಭಾಗವಿರಬೇಕು, ಇಲ್ಲವೇ ತಯಾರಿಸಿದವನ ಹೆಸರು ತೋರಿಸಿ ಬೆಂಚಿನ ಮೇಲೆ ಪರೀಕ್ಷೆಯಾದ ಭಾಗವಿರಬೇಕು. ಸರಕು, ಪ್ರಯಾಣಿಕ ಸಾಗಣೆಯ ವಾಹನಗಳಲ್ಲಿ 2015ರ ಅಕ್ಟೋಬರ್ ನಂತರ ತಯಾರಾದ ಹಲವು ವರ್ಗಗಳಿಗೆ ಗಂಟೆಗೆ 80 ಕಿ.ಮೀ. ಮಿತಿಯ ವೇಗ ನಿಯಂತ್ರಕ ಕಡ್ಡಾಯವಾಗಿದೆ. ಹೊಸ ಸಾಧನ ಹಾಕಿಸುವ ಬಗ್ಗೆ ಇರುವ ಈ ಕಾಳಜಿ, ಹಳೆಯ ಟ್ರ್ಯಾಕ್ಟರಿನಲ್ಲಿ ಮೊದಲಿನಿಂದಲೂ ಇರುವ ನಿಯಂತ್ರಕ ಕೆಟ್ಟಿದೆಯೇ ಎಂದು ನೋಡುವುದಕ್ಕೂ ವಿಸ್ತರಿಸಬೇಕು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಹಂಗಾಮಿಗೆ ಮುನ್ನ ಕಾರ್ಖಾನೆಗಳು ಕಬ್ಬಿನ ಗಾಡಿಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತವೆ. ರಿಫ್ಲೆಕ್ಟರ್ ಅಂಟಿಸುವ ಆ ಹೊತ್ತಿನಲ್ಲೇ ಗವರ್ನರಿನ ಸೀಲ್ ಇದೆಯೇ, ಪಂಪಿನ ಫಲಕದ ಸಂಖ್ಯೆ ಏನು ಎಂದು ಬರೆದುಕೊಳ್ಳಬಹುದು. ಈ ತಾಲ್ಲೂಕುಗಳ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಒಂದಕ್ಕಾದರೂ ಪಂಪ್ ಟೆಸ್ಟಿಂಗ್ ಬೆಂಚ್ ಕೊಟ್ಟು, ಹಿರಿಯ ಮಿಸ್ತ್ರಿಗಳನ್ನು ಅಲ್ಲಿ ಪಾಠಕ್ಕೆ ಕರೆದು, ಯಾವ ಟ್ರ್ಯಾಕ್ಟರಿಗೆ ಯಾವ ಪಂಪು, ಯಾವ ಗವರ್ನರ್, ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಬಹುದು. ಬಿಡಿಭಾಗ ಮಾರುವವರು ಬಿಲ್ಲಿನಲ್ಲಿ ಭಾಗದ ಸಂಖ್ಯೆಯನ್ನೂ ತಯಾರಕರ ಹೆಸರನ್ನೂ ಬರೆಯಬೇಕು, ಮಾಲೀಕರು ಅದನ್ನು ಕೇಳಿ ಪಡೆಯಬೇಕು. ಕಳಚಿದ ಹಳೆಯ ಸ್ಪ್ರಿಂಗು, ತೂಕ, ಡಯಾಫ್ರಮ್‌ಗಳನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದಿಡಬೇಕು. ಮುಂದಿನ ಸಲ ಹೊಸ ಭಾಗ ಕೊಳ್ಳುವಾಗ ಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ನಂಬಿಕಸ್ಥ ಮಾದರಿ ಪೇಟೆಯಲ್ಲಿ ಸಿಗುವುದು ಕಷ್ಟ.